ಜೇಬಿನ ಪ್ಲೇಯರಿನಲ್ಲಿ ಥಾಯ್ ಕಲಿತ ಹಳೇಬೀಡಿನ ಗೈಡು

ಆ ಪ್ಲೇಯರಿಗೆ ಅಂಗಡಿಯವನು ಹೇಳಿದ ಬೆಲೆ ಎರಡು ಸಾವಿರ. ನಾನು ಕೊಟ್ಟಿದ್ದು ಸಾವಿರದ ನಾನೂರು, ಅದೂ ಇಯರ್‌ಫೋನು, ಮೆಮೊರಿ ಕಾರ್ಡು ಎಲ್ಲ ಸೇರಿ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಅದೇ ಅಂಗಡಿಯಲ್ಲಿ ಆರುನೂರಕ್ಕೂ ಒಂದಿತ್ತು. ಬೆಂಕಿಪೊಟ್ಟಣದಷ್ಟು ಚಿಕ್ಕದು, ಹಾಡು ಕೇಳುವವರಿಗೆ ಧಾರಾಳವಾಗಿ ಸಾಕು. ಆದರೆ ನಾನು ಕೈಹಾಕಿದ್ದರಲ್ಲಿ ದನಿ ರೆಕಾರ್ಡ್ ಮಾಡುವ ಗುಂಡಿಯಿತ್ತು. ಅದರ ಹಿಂದೆ-ಮುಂದೆ ಹೋಗುವ ಗುಂಡಿಗಳು ಉಬ್ಬಿಕೊಂಡಿದ್ದವು. ಜೇಬಿನಿಂದ ಹೊರಗೆ ತೆಗೆಯದೆ ಹೆಬ್ಬೆರಳಿನಲ್ಲೇ ಒತ್ತಬಹುದಿತ್ತು. ಈ ಗುಂಡಿಗಳಿಗಾಗಿ ನಾನು ಎಂಟುನೂರು ಹೆಚ್ಚು ಕೊಟ್ಟೆ. ಕೊಟ್ಟಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಮನೆಗೆ ತಂದಾಗ ನನ್ನ ಹೆಂಡತಿ ಜಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಫೋನು ಐತಲ್ಲ, ಇದ್ಯಾಕ್ರೀ ಇನ್ನೊಂದು?"

"ಫೋನು ನಡುವೆ ಬಡ್ಕೊಳ್ಳುತ್ತೆ ಕಣೆ. ಇದು ಬಡ್ಕೊಳ್ಳಲ್ಲ, ಹೇಳಿದ್ದನ್ನೇ ಹೇಳುತ್ತೆ."

"ಹಾಗಾದ್ರೆ ನಿಮಗೆ ತಕ್ಕದ್ದು ಬಿಡಿ" ಎಂದಳು.

ಈಗ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ, ಗೈಡಿನ ಬಿಲ್ಲೆ ಬಿಚ್ಚಿಟ್ಟಿದ್ದೇನೆ. ಮೂವತ್ತು ವರ್ಷಕ್ಕೂ ಮೀರಿ ಹಳೇಬೀಡು, ಬೇಲೂರುಗಳಲ್ಲಿ ಪ್ರವಾಸಿಗರಿಗೆ ದೇವಸ್ಥಾನ ತೋರಿಸಿ ಬದುಕಿದವನು ನಾನು. ಈಚೆಗೆ ಈ ಕೆಲಸಕ್ಕೆ ಬರುವ ಹುಡುಗರು, ಹುಡುಗಿಯರು ಮನೆಗೆ ಬಂದು ಕೇಳುತ್ತಾರೆ: "ರಂಗಣ್ಣ, ಆ ವಯಸ್ಸಲ್ಲಿ ಥಾಯ್ ಹೆಂಗೆ ಕಲಿತ್ರಿ?" ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯುತ್ತದೆ. ಬರೆದಿಟ್ಟರೆ ಓದಿಕೊಳ್ಳಲಿ.

ಮೊದಲಿಗೆ ನನ್ನ ಬಂಡವಾಳ ಎಷ್ಟು ಎನ್ನುವುದು ನಿಮಗೆ ಗೊತ್ತಿರಬೇಕು. ಹತ್ತನೇ ತರಗತಿ ದಾಟಿದವನಲ್ಲ. ದೇವಸ್ಥಾನದ ಗೇಟಿನಲ್ಲಿ ಚಿತ್ರದ ಕಾರ್ಡು ಮಾರುತ್ತಿದ್ದೆ. ಕಾರ್ಡು ಮಾರುತ್ತ ಇಂಗ್ಲಿಷ್ ಹತ್ತಿತು, ಉತ್ತರದ ಬಸ್ಸುಗಳಿಂದ ಹಿಂದಿ ಹತ್ತಿತು. ಹಿರಿಯ ಗೈಡು ಪುಟ್ಟಸ್ವಾಮಣ್ಣ ನನ್ನನ್ನು ಜೊತೆಗೆ ಹಾಕಿಕೊಂಡು ಗೋಡೆಯ ಮೇಲಿನ ಆನೆ ಸಾಲಿನಿಂದ ಹಿಡಿದು ದೇವಾನುದೇವತೆಗಳವರೆಗೆ ಕಲಿಸಿದ. ಕಲಿಸುವ ರೀತಿ ಒರಟು. ತಪ್ಪು ಹೇಳಿದರೆ ಪ್ರವಾಸಿಗರ ಮುಂದೆಯೇ, "ಅದು ವರಾಹ ಕಣ್ಲಾ, ನಿಮ್ಮಪ್ಪನ ಎಮ್ಮೆ ಅಲ್ಲ" ಎನ್ನುತ್ತಿದ್ದ.

ಭಾಷೆಯನ್ನು ಕಿವಿಯಿಂದ ಕಲಿಯುವುದನ್ನು ನಾನು ಮೊದಲು ಮಾಡಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಯಾರೋ ಬಿಟ್ಟುಹೋಗಿದ್ದ ಫ್ರೆಂಚ್ ಪಾಠದ ಕ್ಯಾಸೆಟ್ಟು ಕೈಗೆ ಸಿಕ್ಕಿತ್ತು. ಸೆಲ್ ಉಳಿಸುವ ಆಸೆಗೆ, ಅವು ಪೂರಾ ಸಾಯುವವರೆಗೂ ಬದಲಾಯಿಸುತ್ತಿರಲಿಲ್ಲ. ಸೆಲ್ ಇಳಿದಂತೆ ಟೇಪು ನಿಧಾನವಾಗುತ್ತದೆ, ದನಿ ದಪ್ಪವಾಗುತ್ತದೆ. ಫ್ರೆಂಚರು ಮಾತಾಡುವುದೇ ಹಾಗೆ ಎಂದುಕೊಂಡು ನಾನೂ ಗುಹೆಯೊಳಗಿಂದ ಬಂದಂತೆ ಎಳೆದೆಳೆದು ಕಲಿತೆ. ಒಬ್ಬ ಫ್ರೆಂಚ್ ಮುದುಕಿಗೆ ನಂದಿ ತೋರಿಸುತ್ತ ಒಂದು ವಾಕ್ಯ ಬಿಟ್ಟೆ. ಆಕೆ ಗಾಬರಿಯಾಗಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕುಡಿಸಿದಳು. ಪುಟ್ಟಸ್ವಾಮಣ್ಣ ಅವತ್ತು ಬಿದ್ದೂ ಬಿದ್ದೂ ನಕ್ಕ. ಉಳಿಸಬಾರದ ಕಡೆ ಉಳಿಸಿದರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಾಗಿದ್ದು ಆ ಲೋಟ ನೀರಿನಿಂದ.

ಥಾಯ್ ವಿಷಯಕ್ಕೆ ಬರುತ್ತೇನೆ. ಒಂದು ದೀಪಾವಳಿಯ ಆಸುಪಾಸಿನಲ್ಲಿ ಬೆಂಗಳೂರಿನಿಂದ ಪ್ರಸಾದ್ ಎಂಬ ಏಜೆಂಟರು ಬಂದರು. ನಮ್ಮಲ್ಲಿ ಗೈಡುಗಳದು ಸರದಿ ಪದ್ಧತಿ. ಬಂದ ಗುಂಪು ಯಾರ ಸರದಿಗೆ ಬಿತ್ತೋ ಅವರದು. ಪ್ರಸಾದ್ ನಮ್ಮನ್ನೆಲ್ಲ ಗೇಟಿನ ಪಕ್ಕದ ಹುಲ್ಲಿನ ಮೇಲೆ ಕೂರಿಸಿ ಸಮಾಚಾರ ಹೇಳಿದರು. ಜನವರಿಯಿಂದ ಥಾಯ್ಲೆಂಡಿನ ಗುಂಪುಗಳು ಬರುತ್ತವೆ, ಗಣೇಶನ ಮೇಲೆ ಅವರಿಗೆ ಬಹಳ ಭಕ್ತಿ. ಇಂಗ್ಲಿಷ್ ಅಷ್ಟಕ್ಕಷ್ಟೆ. ಬೆಂಗಳೂರಿನಿಂದಲೇ ದುಭಾಷಿಯನ್ನು ಕರೆತಂದು ಅವನ ಕೈಯಲ್ಲೇ ಎಲ್ಲ ಹೇಳಿಸುತ್ತೇನೆ ಎಂದರು.

ಚಳಿಗಾಲದ ವಿದೇಶಿ ಗುಂಪುಗಳೇ ನಮಗೆ ವರ್ಷದ ಅನ್ನ. ಒಬ್ಬ ಏಜೆಂಟು ಹೊರಗಿನವನನ್ನು ತಂದರೆ ಉಳಿದವರೂ ತರುತ್ತಾರೆ. ಆಮೇಲೆ ಬಾರದ ಸರದಿ ಕಾಯುತ್ತ ನಾವು ಹುಲ್ಲಿನ ಮೇಲೆ ಕೂತಿರಬೇಕು.

"ನಿಮ್ಮಲ್ಲಿ ಯಾರಿಗಾದ್ರೂ ಥಾಯ್ ಬರುತ್ತಾ?" ಎಂದು ಪ್ರಸಾದ್ ಕೇಳಿದರು, ಉತ್ತರ ಗೊತ್ತಿದ್ದವರಂತೆ.

"ನನಗೆ ಬರುತ್ತೆ ಸಾರ್" ಎಂದೆ. "ಸ್ವಲ್ಪ ತುಕ್ಕು ಹಿಡಿದಿದೆ, ಉಜ್ಜಬೇಕು."

ಪುಟ್ಟಸ್ವಾಮಣ್ಣನಿಗೆ ಕೆಮ್ಮು ಹತ್ತಿತು. ನಾನು ಬಿಡಲಿಲ್ಲ. ಮೊದಲ ಗುಂಪು ದುಭಾಷಿಯಿಲ್ಲದೆ ನನ್ನ ಕೈಗೆ ಬರಲಿ, ಗುಂಪಿನವರು ಮೆಚ್ಚಿದರೆ ಇಡೀ ಚಳಿಗಾಲ ನಮ್ಮ ಸರದಿಗೆ, ಮೆಚ್ಚದಿದ್ದರೆ ನಾವೇ ನಿಮ್ಮ ದುಭಾಷಿಗೆ ಛತ್ರಿ ಹಿಡಿಯುತ್ತೇವೆ ಎಂದು ಮಾತು ಕಟ್ಟಿದೆ. ಪ್ರಸಾದರಿಗೂ ದುಭಾಷಿಯ ಖರ್ಚು ಉಳಿದರೆ ಬೇಡವೇ? ಒಪ್ಪಿದರು.

ಅವರ ಕಾರು ತಿರುಗಿದ್ದೇ ತಡ, ಪುಟ್ಟಸ್ವಾಮಣ್ಣ ನನ್ನ ತೋಳು ಹಿಡಿದ. "ಏನ್ಲಾ, ಥಾಯ್ಲೆಂಡು ಯಾವ ದಿಕ್ಕಿಗೈತೆ ಅಂತಾದ್ರೂ ಗೊತ್ತೇನ್ಲಾ ನಿಂಗೆ?"

"ಪೂರ್ವಕ್ಕಣ್ಣ."

"ಎಲ್ಲಾರ ಅನ್ನ ಪಣಕ್ಕಿಟ್ಟಿದ್ದೀಯ. ನೆಪ್ಪಿರಲಿ."

ನೆನಪಿಲ್ಲದೆ ಏನು? ಅವತ್ತೇ ಸಂಜೆ ಅರಸೀಕೆರೆಯಲ್ಲಿ ಪ್ಲೇಯರು ಕೊಂಡೆ. ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ, ಇಂಟರ್‌ನೆಟ್ಟಿನಲ್ಲಿ ಧರ್ಮಕ್ಕೆ ಸಿಗುವ ಥಾಯ್ ಪಾಠಗಳನ್ನು ಇಳಿಸಿ ತುಂಬಿಸಿಕೊಂಡೆ. ನಮ್ಮ ಮನೆ ಅರಸೀಕೆರೆಯ ಅಂಚಿನಲ್ಲಿ. ದಿನಾ ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸು. ಹೋಗುತ್ತಾ ಬರುತ್ತಾ ಕಿವಿಗೆ ಸಿಕ್ಕಿಸಿಕೊಂಡರೆ ಜನವರಿಯೊಳಗೆ ಮುಗಿಯಿತು ಎಂದುಕೊಂಡೆ.

ಮುಗಿಯುವ ಲಕ್ಷಣ ಕಾಣಲಿಲ್ಲ. ಒಂದೊಂದು ಪಾಠದಲ್ಲೂ ಮೊದಲು ಸಂಗೀತ, ಆಮೇಲೆ ಇಂಗ್ಲಿಷಿನಲ್ಲಿ ಇಬ್ಬರ ಕುಶಲೋಪರಿ, ಕೊನೆಯಲ್ಲಿ ಬಾಡಿದ ಸೊಪ್ಪಿನ ಕಟ್ಟಿನಂತೆ ನಾಲ್ಕು ಥಾಯ್ ಮಾತು. ಬಸ್ಸು ಅರಸೀಕೆರೆಯ ಕೊಬ್ಬರಿ ಮಂಡಿ ದಾಟುವ ಹೊತ್ತಿಗೆ ಅವರ ನಗೆಯೇ ಮುಗಿದಿರುತ್ತಿರಲಿಲ್ಲ. ಆದರೂ ಒಂದು ವಾಕ್ಯ ಮಾತ್ರ ಒಂದೇ ಸಲಕ್ಕೆ ಬಾಯಿಗೆ ಹತ್ತಿತು: "ಲೋತ್ ದಾಯ್ ಮಾಯ್?" ಎಂದರೆ, ಬೆಲೆ ಇಳಿಸುತ್ತೀರಾ? ಎಂಥ ಚೆಂದದ ಮಾತು! ಅದನ್ನೇ ಹೇಳಿಕೊಳ್ಳುತ್ತ ಎರಡು ವಾರ ಖುಷಿಯಾಗಿದ್ದೆ.

ಒಂದು ದಿನ ಬಸ್ಸಿನಲ್ಲೇ ತಲೆಗೆ ಹೊಳೆಯಿತು. ಈ ಪಾಠಗಳೆಲ್ಲ ಕೊಳ್ಳುವವನ ಬಾಯಿಗೆ ಮಾಡಿದ್ದು. ಬೆಲೆ ಎಷ್ಟು, ಶೌಚಾಲಯ ಎಲ್ಲಿ, ನೀರು ಕೊಡಿ, ದಾರಿ ತೋರಿಸಿ. ನಾನಿರುವುದು ಎದುರುಗಡೆ. ಪ್ರಶ್ನೆ ಕಲಿತು ನಾನೇನು ಮಾಡಲಿ, ಅವುಗಳನ್ನು ಕೇಳುವವರು ಅವರು. ನನಗೆ ಬೇಕಾದ್ದು ಇನ್ನರ್ಧ: ಚಪ್ಪಲಿ ಇಲ್ಲಿ ಬಿಡಿ, ಮೆಟ್ಟಿಲು ಜಾರುತ್ತೆ, ಇದು ಒಂದೇ ಕಲ್ಲು, ಈ ಗಣೇಶ ಕುಣಿಯುತ್ತಿದ್ದಾನೆ. ಅಂಥ ಪಾಠ ಯಾವ ಅಂಗಡಿಯಲ್ಲೂ ಇರಲಿಲ್ಲ. ತಯಾರಿಸಿಕೊಳ್ಳಬೇಕು ಎಂದರೆ ಒಬ್ಬ ಥಾಯ್ ಮನುಷ್ಯ ಬೇಕು, ಅದೂ ಹಳೇಬೀಡಿನಲ್ಲಿ.

ದೇವರು ಕಣ್ಣುಬಿಟ್ಟ. ಡಿಸೆಂಬರಿನ ಆರಂಭದಲ್ಲಿ ಕಾರು ಮಾಡಿಕೊಂಡು ಗಂಡ ಹೆಂಡತಿ ಬಂದರು. ಗಂಡ ಸೋಮ್‌ಚಾಯ್, ಬ್ಯಾಂಕಾಕಿನಲ್ಲಿ ಹೋಟೆಲು ನಡೆಸುವವನು, ಇಂಗ್ಲಿಷ್ ಚೆನ್ನಾಗಿತ್ತು. ಅವನಿಗೆ ಕಲ್ಲಿನಲ್ಲಿ ಆಸಕ್ತಿಯಿಲ್ಲ, ಹೆಂಡತಿಗೆ ಒಂದು ಗಣೇಶ ಬೇಕು. ಸುತ್ತಿ ತೋರಿಸಿ, ರಸ್ತೆಯಾಚೆಯ ಶಿವಣ್ಣನ ಅಂಗಡಿಗೆ ಕರೆದುಕೊಂಡು ಹೋದೆ. ಶಿವಣ್ಣ ಬಳಪದ ಕಲ್ಲಿನ ಮೂರ್ತಿಗಳನ್ನು ಕೆತ್ತಿ ಮಾರುವವನು, ನನ್ನ ಓರಗೆಯವನು. ಗೈಡು ಕರೆತಂದ ಗಿರಾಕಿ ಕೊಂಡರೆ ಗೈಡಿಗೆ ಇಷ್ಟು ಪಾಲು ಎನ್ನುವುದು ಇಲ್ಲಿಯ ವಾಡಿಕೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಈಗ ಗಿರಾಕಿಗಳಿಗೂ ಗೊತ್ತು.

ಆಕೆ ಕಪ್ಪು ಹೊಳಪಿನ ಒಂದು ಗಣೇಶನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಶಿವಣ್ಣ ಬೆಲೆ ಹೇಳಿದ. ಸೋಮ್‌ಚಾಯ್ ಹುಬ್ಬು ಮೇಲೇರಿಸಿದ. ನಾನು ಅವನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದೆ: ಬೆಲೆ ಇಳಿಸಿಕೊಡುತ್ತೇನೆ, ಬದಲಿಗೆ ನಿಮ್ಮ ಅರ್ಧ ಗಂಟೆ ದನಿ ನನಗೆ ಕೊಡಿ. ಅವನು ನನ್ನ ಮುಖ ನೋಡಿದ, ನಕ್ಕ, ಕೈ ಚಾಚಿದ.

ಆಮೇಲೆ ಶಿವಣ್ಣನ ಕಡೆ ತಿರುಗಿದೆ. "ಲೋ ಶಿವ, ನನ್ನ ಪಾಲು ನನಗೆ ಬೇಡ. ಬೆಲೇಲಿ ಹೊಡೆದ್ಹಾಕು."

ಅವನ ಉಳಿ ಗಾಳಿಯಲ್ಲೇ ನಿಂತಿತು. "ಏನ್ಲಾ ರಂಗ, ಮೈಗೆ ಹುಷಾರಿಲ್ವಾ?"

"ಹುಷಾರಾಗೈತೆ. ಇನ್ನೂ ಸ್ವಲ್ಪ ನೀನೂ ಇಳಿಸು."

"ನಾನ್ಯಾಕ್ಲಾ ಇಳಿಸ್ಲಿ?"

"ಜನವರಿಗೆ ಬಸ್ಸುಗಟ್ಲೆ ಇದೇ ಜನ ಬತ್ತಾರೆ, ಎಲ್ಲಾ ಗಣೇಶನ್ನೇ ಕೇಳೋರು. ದುಭಾಷಿ ಬಂದ ಅಂದ್ರೆ ಅವನು ಅವರನ್ನ ಬೆಂಗಳೂರಿನ ಷೋರೂಮಿಗೆ ಹೊಡ್ಕೊಂಡು ಹೋಗ್ತಾನೆ. ನಾನು ಥಾಯ್ ಕಲಿತ್ರೆ ನಿನ್ನ ಅಂಗಡಿಗೆ. ನೋಡ್ಕೋ."

ಶಿವಣ್ಣ ಒಂದು ಗಳಿಗೆ ಗಣೇಶನ ಮುಖ ನೋಡಿದ. "ನಿನ್ನ ಬಾಯಿಗೆ ಕಲ್ಲೂ ಕರಗ್ತದೆ ಕಣ್ಲಾ" ಎಂದು ಇಳಿಸಿದ.

ಸೋಮ್‌ಚಾಯನ ಕಾರಿನ ಗಾಜು ಏರಿಸಿ ಒಳಗೆ ಕೂತು ರೆಕಾರ್ಡ್ ಮಾಡಿದೆವು. ನಾನು ಇಂಗ್ಲಿಷಿನಲ್ಲಿ ಒಂದು ಮಾತು ಹೇಳುವುದು, ಅವನು ಅದನ್ನು ಥಾಯಲ್ಲಿ ಮೊದಲು ನಿಧಾನವಾಗಿ, ಆಮೇಲೆ ಮನೆಯಲ್ಲಿ ಮಾತಾಡುವ ವೇಗದಲ್ಲಿ ಹೇಳುವುದು. ಫ್ರೆಂಚ್ ಪಾಠ ಮರೆತಿರಲಿಲ್ಲ. ನಿಧಾನವನ್ನು ಮಾತ್ರ ನೆಚ್ಚಿಕೊಂಡರೆ ಜನ ನೀರು ಕುಡಿಸುತ್ತಾರೆ. "ಥೋದ್ ರೋಂಗ್‌ಥಾವ್ ಥೀ ನೀ ಖ್ರಾಪ್" ಎಂದರೆ ಪಾದರಕ್ಷೆ ಇಲ್ಲಿ ಬಿಡಿ. ಗಣೇಶನಿಗೆ ಅವರು "ಫ್ರಾ ಫಿಕಾನೇತ್" ಎನ್ನುತ್ತಾರೆ. ನಮ್ಮ ವಿಘ್ನೇಶನೇ ಕಡಲು ದಾಟಿ ಹೋಗಿ ಹೆಸರು ಸವೆಸಿಕೊಂಡಿದ್ದಾನೆ. ಹೊರಗಿನಿಂದ ಪೀಪಿ ಮಾರುವವನ ಸದ್ದು ರೆಕಾರ್ಡಿಗೆ ಬಿದ್ದಿತು. ಮೊದಲು ಬೈದುಕೊಂಡೆ. ಕೆಲಸದ ಜಾಗದಲ್ಲೂ ಅದೇ ಪೀಪಿ ಇರುತ್ತದಲ್ಲ ಎಂದು ಆಮೇಲೆ ಹಾಗೇ ಬಿಟ್ಟೆ.

ಥಾಯ್ ದನಿ ಸಿಕ್ಕಿತು. ಇನ್ನು ಅದನ್ನು ಪಾಠ ಮಾಡಬೇಕು. ಮೊದಲು ಕನ್ನಡದಲ್ಲಿ ಸೂಚನೆ, ನಂತರ ನಾನು ಹೇಳಲು ಖಾಲಿ ಜಾಗ, ಅದಾದ ಮೇಲೆ ಸೋಮ್‌ಚಾಯನ ದನಿ. ಖಾಲಿ ಜಾಗ ಮೊದಲು ಬರಬೇಕು, ಉತ್ತರ ಆಮೇಲೆ. ಉತ್ತರ ಮೊದಲೇ ಕೇಳಿಸಿದರೆ ನಾಲಿಗೆ ಗಿಳಿಯಾಗುತ್ತದೆ, ಅಷ್ಟೆ. ಕನ್ನಡ ಸೂಚನೆಯನ್ನು ನನ್ನ ದನಿಯಲ್ಲೇ ಹಾಕಿ ನೋಡಿದೆ. ಎರಡು ದಿನಕ್ಕೆ ಅದು ಕಿವಿಗೆ ಬೀಳುವುದೇ ನಿಂತುಹೋಯಿತು. ನನ್ನ ಮಾತು ನನಗೇ ನಿದ್ದೆ ತರಿಸುತ್ತಿತ್ತು.

"ನೀನು ಹೇಳ್ಕೊಡೆ" ಎಂದು ಜಯಮ್ಮನನ್ನು ಕೇಳಿದೆ. ಆಕೆ ಹಾರನಹಳ್ಳಿಯವಳು, ಅಂಗಳದಲ್ಲಿ ನಿಂತು ಕರೆದರೆ ಕೇರಿಯ ಕೊನೆಯ ಮನೆಯವರೂ ಓಗೊಡುತ್ತಾರೆ.

"ನನಗೇನು ಕೊಡ್ತೀರಿ?"

"ಸೀರೆ?"

"ಸೀರೆ ಐತೆ. ಮದುವೆಯಾಗಿ ಬಂದಾಗಿಂದ ಊರೋರಿಗೆಲ್ಲ ಗುಡಿ ತೋರಿಸ್ತೀರಿ. ನನಗೆ ಒಂದಿನ ತೋರಿಸಿದ್ದೀರಾ? ದೇವ್ರಿಗೆ ಕೈಮುಗಿದು ಬಾ ಅಂತ ಗೇಟಲ್ಲಿ ಬಿಟ್ಟು ಹೋಗ್ತೀರಿ. ಫಾರಿನ್ನೋರಿಗೆ ತೋರ್ಸೋ ಹಂಗೆ ನನಗೂ ಪೂರ್ತಿ ತೋರಿಸ್ಬೇಕು."

"ಪೂರ್ತಿ ಅಂದ್ರೆ ಅರ್ಧ ದಿನ ಹಿಡಿಯುತ್ತೆ ಕಣೆ. ಬರೀ ಹೊರಗಿನ ಗೋಡೆ ಸಾಲ್ದಾ?"

"ಪೂರ್ತಿ" ಎಂದಳು. ನಾನು ಒಪ್ಪಿ ಪ್ಲೇಯರಿನ ಗುಂಡಿ ಒತ್ತಿದೆ.

ಆಕೆ ಹೇಳಿಕೊಟ್ಟ ರೀತಿ ಕೇಳಬೇಕು. "ಹೂಂ, ಹೇಳ್ರೀ ಈಗ: ಚಪ್ಪಲಿ ಇಲ್ಲಿ ಬಿಡಿ!" ಎಂದು ಶುರುಮಾಡಿ ಒಂದು ಉಸಿರು ಹಿಡಿದು ಕಾಯುವಳು. ಆ ಉಸಿರಿನಷ್ಟೇ ನನಗೆ ಅವಕಾಶ. ಕಂಪ್ಯೂಟರ್ ಅಂಗಡಿಯಲ್ಲಿ ಇಬ್ಬರ ದನಿಗಳನ್ನೂ ಕತ್ತರಿಸಿ ಜೋಡಿಸಿ, ಒಂದು ಮಾತಿಗೆ ಒಂದು ಫೈಲು ಮಾಡಿಸಿದೆ. ಉದ್ದನೆಯ ಒಂದೇ ಫೈಲು ಮಾಡಿದ್ದರೆ ತಪ್ಪಿದ ಮಾತನ್ನು ಹುಡುಕುವುದರಲ್ಲೇ ಜಾವಗಲ್ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನಾನು ತುಟಿ ಅಲ್ಲಾಡಿಸುವುದನ್ನು ನೋಡಿ ಜಪ ಮಾಡುತ್ತಿದ್ದೇನೆ ಎಂದುಕೊಂಡು ಕಿಟಕಿಯ ಕಡೆ ಜಾಗ ಕೊಡುತ್ತಿದ್ದರು. ನಾನೂ ಬೇಡ ಎನ್ನಲಿಲ್ಲ.

ಕಲಿತೆ. ಜನವರಿಗಿಂತ ಮೊದಲೇ ಎಲ್ಲ ಮಾತೂ ಬಾಯಿಗೆ ಬಂದಿತ್ತು. ಆದರೆ ನನ್ನ ವಿದ್ಯೆಯೊಳಗೆ ಒಂದು ಕೀಲು ಸಡಿಲವಾಗಿತ್ತು, ಅದು ನನಗೆ ಗೊತ್ತಿರಲಿಲ್ಲ. ದಿನಾ ಒಂದೇ ಬಸ್ಸು, ಒಂದೇ ದಾರಿ, ಒಂದೇ ಸಾಲಿನ ಫೈಲು. ಕೊಬ್ಬರಿ ಮಂಡಿಯ ಹತ್ತಿರ ಚಪ್ಪಲಿ. ಜಾವಗಲ್ಲಿನಲ್ಲಿ ದ್ವಾರಪಾಲಕರು. ಅಲ್ಲಿಂದ ಮುಂದೆ ನಂದಿ. ಹಳೇಬೀಡಿನ ಕೆರೆ ಏರಿ ಕಂಡಾಗ ಗಣೇಶ, ಅದೇ ಕೊನೆ. ಮಾತುಗಳು ನನ್ನ ತಲೆಯಲ್ಲಿ ಕೂತಿರಲಿಲ್ಲ, ರಸ್ತೆಯ ಬದಿಯಲ್ಲಿ ನಿಂತಿದ್ದವು.

ಗುಂಪು ಬಂದ ದಿನ ಪ್ರಸಾದರು ಜೊತೆಯಲ್ಲೇ ಇದ್ದರು. ಸರದಿಯ ಗೈಡುಗಳೆಲ್ಲ ಹುಲ್ಲಿನ ಮೇಲೆ, ಬೇರೆ ಕೆಲಸವಿಲ್ಲದವರಂತೆ ಕೂತಿದ್ದರು. ಶಿವಣ್ಣನೂ ಅಂಗಡಿ ಬಿಟ್ಟು ಬಂದಿದ್ದ. ಗೇಟಿನಲ್ಲಿ ನಿಂತು, "ಸವಾತ್‌ದೀ ಖ್ರಾಪ್" ಎಂದು ನಮಸ್ಕಾರ ಹೇಳಿದೆ. ಹೆಂಗಸರು ಸಂತೋಷದಿಂದ ಕೂಗಿದರು. ಚಪ್ಪಲಿಯ ಮಾತು ಹೇಳಿದೆ, ಎಲ್ಲರೂ ಬಿಟ್ಟರು. ಪುಟ್ಟಸ್ವಾಮಣ್ಣನ ಕಣ್ಣು ಅಗಲವಾದದ್ದು ನನಗೆ ಕಂಡಿತು.

ದ್ವಾರಪಾಲಕರ ಕಡೆ ಕೈ ತೋರಿಸಬೇಕು, ಅಷ್ಟರಲ್ಲಿ ಗುಂಪಿನ ಹಿರಿಯಾಕೆಯೊಬ್ಬಳು ದೂರದಿಂದ ಕುಣಿಯುವ ಗಣೇಶನನ್ನು ಕಂಡಳು. "ಫ್ರಾ ಫಿಕಾನೇತ್!" ಎಂದು ಆಕೆ ಓಡಿದಳು. ಹಿಂದೆಯೇ ಗುಂಪೆಲ್ಲ ಓಡಿತು. ಎಲ್ಲರೂ ಅವನ ಮುಂದೆ ಕೈಮುಗಿದು, ನನ್ನ ಕಡೆ ತಿರುಗಿ, ಹೇಳು ಎನ್ನುವಂತೆ ನಿಂತರು.

ಕೆರೆ ಏರಿಯ ಮಾತನ್ನು ಕೊಬ್ಬರಿ ಮಂಡಿಯಲ್ಲೇ ಕೇಳಿದರೆ ಎಲ್ಲಿಂದ ತರಲಿ? ನಡುವಿನ ದಾರಿಯೆಲ್ಲ ಹಾಗೇ ಉಳಿದಿತ್ತು. ಪ್ರಸಾದರು ವಾಚು ನೋಡಿಕೊಂಡರು. ಹುಲ್ಲಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಪ್ಲೇಯರು ಜೇಬಿನಲ್ಲೇ ಇತ್ತು, ಆದರೆ ಅಷ್ಟು ಜನರ ಮುಂದೆ ಕಿವಿಗೆ ಸಿಕ್ಕಿಸಿಕೊಂಡರೆ ಮುಗಿಯಿತು ಕಥೆ.

ಆಗ ಕಿವಿಯೊಳಗೆ ಇಲ್ಲದ ದನಿಯನ್ನು ನಾನೇ ಹೊರಡಿಸಿದೆ. ಕಣ್ಣು ಮುಚ್ಚಿ, ಮೆಲ್ಲಗೆ, ಜಯಮ್ಮನ ಧಾಟಿಯಲ್ಲೇ: "ಹೂಂ, ಹೇಳ್ರೀ ಈಗ: ಗಣಪ್ಪ ಕುಣೀತಾ ಅವ್ನೆ, ಹೊಟ್ಟೆಗೆ ಹಾವು ಕಟ್ಕೊಂಡವ್ನೆ!" ಒಂದು ಉಸಿರು. ಅಷ್ಟರಲ್ಲಿ ಥಾಯ್ ಮಾತು ತನ್ನಷ್ಟಕ್ಕೆ, ಕರೆದ ದನಿಗೆ ಹೆದರಿ ಎದ್ದು ಬಂದಂತೆ, ಪೂರಾ ಬಂತು. ಕಣ್ಣು ತೆರೆದರೆ ಗುಂಪೆಲ್ಲ ಕೈಮುಗಿದು ತಲೆಬಾಗಿಸಿತ್ತು. ನಾನು ಮೊದಲು ದೇವರಿಗೆ ಮಂತ್ರ ಹೇಳಿ, ಆಮೇಲೆ ವಿವರಣೆ ಕೊಡುತ್ತೇನೆ ಎಂದು ಅವರು ತಿಳಿದಿದ್ದರು.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅವರು ಯಾವ ಕಡೆ ಓಡಿದರೂ ಸರಿ. ನಂದಿಯ ಮುಂದೆ ಕಣ್ಣು ಮುಚ್ಚಿ ಜಯಮ್ಮನನ್ನು ಕರೆದೆ, ಬಂದಳು. ನರಸಿಂಹನ ಮುಂದೆ ಕರೆದೆ, ಬಂದಳು. ಮೆಟ್ಟಿಲು ಜಾರುತ್ತೆ ಎನ್ನುವುದಕ್ಕೂ ಅವರು ಕೈಮುಗಿದರು. ಕೊನೆಗೆ ಶಿವಣ್ಣನ ಅಂಗಡಿಯಲ್ಲಿ ಒಬ್ಬಾಕೆ ಗಣೇಶನನ್ನು ಹಿಡಿದು, "ಲೋತ್ ದಾಯ್ ಮಾಯ್?" ಎಂದಾಗ, ನನ್ನ ಹಳೆಯ ನೆಂಟನೇ ಎದುರು ಸಿಕ್ಕಂತಾಯಿತು.

"ಏನಂತಾರ್ಲಾ?" ಎಂದ ಶಿವಣ್ಣ.

"ಇಳಿಸ್ತೀಯಾ ಅಂತಾರೆ."

"ಅದಕ್ಕೆ ದುಭಾಷಿ ಬೇಕಾಗಿರ್ಲಿಲ್ಲ, ಮುಖದಲ್ಲೇ ಬರ್ದಿತ್ತು" ಎಂದು ನಗುತ್ತ ಇಳಿಸಿದ.

ಬಸ್ಸು ಹತ್ತುವ ಮುಂಚೆ ಆ ಹಿರಿಯಾಕೆ ಪ್ರಸಾದರ ಕೈ ಹಿಡಿದು ಏನೋ ಬಹಳ ಹೇಳಿದಳು. ಪ್ರಸಾದರಿಗೆ ತಿಳಿಯಲಿಲ್ಲ, ನನ್ನನ್ನು ನೋಡಿದರು. ನನಗೂ ಅರ್ಧವೇ ತಿಳಿದದ್ದು. "ಇಡೀ ಚಳಿಗಾಲ ಇವರೇ ಇರಲಿ ಅಂತಾರೆ ಸಾರ್" ಎಂದೆ. ಪ್ರಸಾದರು ನಕ್ಕು ಒಪ್ಪಿದರು. ದುಭಾಷಿ ಬರಲಿಲ್ಲ. ಸರದಿ ನಮ್ಮ ಕೈಯಲ್ಲೇ ಉಳಿಯಿತು. ಪುಟ್ಟಸ್ವಾಮಣ್ಣ ಬಳಿಗೆ ಬಂದು ಬೆನ್ನಿಗೆ ಒಂದು ಗುದ್ದು ಕೊಟ್ಟು, "ಎಮ್ಮೆ ಅನ್ನಲ್ಲ ಕಣ್ಲಾ ಇನ್ಮೇಲೆ" ಎಂದ. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಬಿಲ್ಲೆ ನನಗೆ ಯಾರೂ ಕೊಟ್ಟಿಲ್ಲ.

ಆ ವಾರವೇ ಎಲ್ಲ ಗೈಡುಗಳಿಗೂ ಫೈಲುಗಳನ್ನು ತುಂಬಿಸಿಕೊಟ್ಟೆ. ಬೇಲೂರಿನವರೂ ಬಂದು ಒಯ್ದರು. ಅವರವರ ಹೆಂಡತಿಯರ ದನಿ ಹಾಕಿಕೊಳ್ಳಿ ಎಂದರೆ, "ಬೇಡಣ್ಣ, ಅತ್ತಿಗೇದೇ ಇರ್ಲಿ, ಭಯ ಚೆನ್ನಾಗೈತೆ" ಎಂದರು. ಹಾಗಾಗಿ ಈಗಲೂ ಈ ಎರಡು ಊರುಗಳಲ್ಲಿ ಯಾವ ಗೈಡಾದರೂ ವಿಗ್ರಹದ ಮುಂದೆ ಕಣ್ಣು ಮುಚ್ಚಿದರೆ ಒಳಗೆ ಗದರುತ್ತಿರುವುದು ಹಾರನಹಳ್ಳಿಯ ಜಯಮ್ಮ.

ಆಕೆಗೆ ಕೊಡಬೇಕಾದ್ದನ್ನೂ ಕೊಟ್ಟೆ. ಒಂದು ಸೋಮವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗೋಡೆಯ ಒಂದೊಂದು ಸಾಲನ್ನೂ ತೋರಿಸಿದೆ, ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಗಣೇಶನ ಮುಂದೆ ನಿಂತು, "ಇಷ್ಟು ದಿನ ಇದನ್ನೆಲ್ಲ ಒಬ್ರೇ ನೋಡ್ಕೊಂಡಿದ್ರಾ?" ಎಂದಳು. ನನ್ನ ಜೀವಮಾನದಲ್ಲಿ ಕೇಳಿದಷ್ಟೇ ಬೆಲೆಯನ್ನು ಒಂದು ಕಾಸೂ ಇಳಿಸದೆ ಕೊಟ್ಟ ವ್ಯವಹಾರ ಅದೊಂದೇ. ಅದರಲ್ಲೂ ಲಾಭ ನನಗೇ ಆಯಿತು.

ಈಗ ನಿಮಗೆ. ಪ್ಲೇಯರು ಕೊಳ್ಳುವಾಗ ಹಾಡು ಎಷ್ಟು ಹಿಡಿಯುತ್ತದೆ ಎಂದು ಕೇಳಬೇಡಿ, ಗುಂಡಿಯನ್ನು ಜೇಬಿನೊಳಗಿಟ್ಟು ಒತ್ತಿ ನೋಡಿ. ಸಿದ್ಧ ಪಾಠಗಳು ಧರ್ಮಕ್ಕೆ ಸಿಗುತ್ತವೆ, ಇಳಿಸಿಕೊಳ್ಳಿ. ಆದರೆ ಅವು ಯಾರ ಬಾಯಿಗೆ ಮಾಡಿದ್ದು ಎಂದು ಮೊದಲು ನೋಡಿ. ನಿಮ್ಮ ಕೆಲಸದ ಮಾತು ಅದರಲ್ಲಿಲ್ಲದಿದ್ದರೆ ಆ ಭಾಷೆಯವರನ್ನೇ ಹಿಡಿದು ಹೇಳಿಸಿ. ಥಾಯಲ್ಲಿ ಗಂಡಸರು, ಹೆಂಗಸರು ಮಾತು ಮುಗಿಸುವ ರೀತಿ ಬೇರೆ, ಆದ್ದರಿಂದ ನಿಮ್ಮಂಥವರದೇ ದನಿ ಹುಡುಕಿ. ಒಂದು ಮಾತಿಗೆ ಒಂದೇ ಫೈಲು, ಖಾಲಿ ಜಾಗ ಉತ್ತರಕ್ಕಿಂತ ಮೊದಲು. ವಾರ ಕಳೆದ ಮೇಲೆ ಫೈಲುಗಳ ಸಾಲು ಕಲಸುವ ಷಫಲ್ ಗುಂಡಿ ಒತ್ತಿ, ಇಲ್ಲದಿದ್ದರೆ ನನ್ನ ಹಾಗೆ ನಿಮ್ಮ ಭಾಷೆಯೂ ಬಸ್‌ಸ್ಟಾಪಿನಲ್ಲಿ ನಿಂತಿರುತ್ತದೆ. ಸೂಚನೆ ಮಾತ್ರ ನಿಮ್ಮ ದನಿಯಲ್ಲಿ ಬೇಡ. ಮನೆಯಲ್ಲಿ ಯಾರು ಕೂಗಿದರೆ ನೀವು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ಬರುತ್ತೀರೋ ಅವರಿಂದ ಹೇಳಿಸಿ. ಅದಕ್ಕೆ ಅವರು ಏನು ಕೇಳಿದರೂ ಚೌಕಾಶಿ ಮಾಡಬೇಡಿ, ಪೂರ್ತಿ ಕೊಟ್ಟುಬಿಡಿ.